ಕೀಸುಳಿಯನ್ನು ಆರಿಸುವ ಬಗೆ

ಗರಗಸದಿಂದ ಕೊಯ್ದ ಹಲಗೆಯು ಒರಟಾಗಿರುವುದು. ಅದನ್ನು ಸಮವಾಗಿಯೂ ನುಣುಪಾಗಿಯೂ ಮಾಡುವ ಉಪಕರಣವೇ ಕೀಸುಳಿ. ಕೆಲವರು ಇದನ್ನು ಹತ್ತರಿಯೆನ್ನುವರು. ನಮ್ಮ ಮುಂಬಯಿಯ ಬಡಗಿಗಳ ಬಾಯಲ್ಲಿ ಇದೇ ರಂಧಾ. ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದ ಅವಶೇಷಗಳಲ್ಲಿಯೂ ಕೀಸುಳಿಗಳು ದೊರೆತಿವೆ. ಅಂದಿನ ತತ್ತ್ವವೇ ಇಂದಿನದೂ: ಸಮತಟ್ಟಾದ ತಳ, ಅದರಲ್ಲೊಂದು ಕಿರಿದಾದ ಬಾಯಿ, ಆ ಬಾಯಿಯಿಂದ ಕೂದಲೆಳೆಯಷ್ಟು ಹೊರಚಾಚಿದ ಓರೆಯಾದ ಅಲಗು.

ಕೈಯಲ್ಲಿ ಸ್ವಲ್ಪವೇ ಹಣವಿರುವ ವಿದ್ಯಾರ್ಥಿಯು ಅಂಗಡಿಯಲ್ಲಿ ಹೊಳೆಯುವ ಬಣ್ಣದ ಅಗ್ಗದ ಹೊಸ ಕೀಸುಳಿಗೆ ಮನಸೋಲುವುದು ಸಹಜ. ಮನೆಗೆ ತಂದು ನೂಕಿದರೆ ಅದು ಒಮ್ಮೆ ಸುಮ್ಮನೆ ಜಾರುವುದು, ಇನ್ನೊಮ್ಮೆ ಮರವನ್ನು ಕಚ್ಚಿ ಕಿತ್ತುಬಿಡುವುದು. ತಳವು ಸಮವಾಗಿಲ್ಲವೆಂದಾಗಲಿ, ಅಲಗು ಹರಿತವಿಲ್ಲವೆಂದಾಗಲಿ ಅರಿಯದೆ, ತನ್ನ ಕೈಗೇ ಈ ವಿದ್ಯೆ ಒಲಿಯದೆಂದು ಬಗೆದು ಮರಗೆಲಸವನ್ನೇ ತೊರೆದವರುಂಟು. ಹೋದ ಹಣಕ್ಕಿಂತ ಈ ನಷ್ಟವು ದೊಡ್ಡದು.

ಮರದ ಕೀಸುಳಿಯಲ್ಲಿ ಅಲಗನ್ನು ಬೆಣೆಯಿಂದ ಬಿಗಿಯುವರು. ಅದು ಹಗುರ, ಆದರೆ ಅಲಗನ್ನು ಹೊಂದಿಸಲು ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು, ಆ ಹದವು ಕೈಗೆ ಬರಲು ಕಾಲ ಹಿಡಿಯುವುದು. ಕಬ್ಬಿಣದ ಕೀಸುಳಿಯಲ್ಲಿ ಈ ಕೆಲಸವನ್ನು ತಿರುಪು ಮಾಡುವುದು. ಅಮೆರಿಕದ ಲೆನಾರ್ಡ್ ಬೇಲಿ ಎಂಬಾತನು ರೂಪಿಸಿದ ಈ ವಿನ್ಯಾಸದ ಹಕ್ಕುಗಳನ್ನು ಸ್ಟ್ಯಾನ್ಲಿ ಸಂಸ್ಥೆಯು 1869ರಲ್ಲಿ ಕೊಂಡಿತು. ಅಂದಿನಿಂದ ಇದು ಹೆಚ್ಚೇನೂ ಬದಲಾಗಿಲ್ಲ; ಆದುದರಿಂದಲೇ ಅಜ್ಜನ ಕಾಲದ ಕೀಸುಳಿಯೂ ಇಂದು ಕೆಲಸಕ್ಕೆ ಬರುವುದು.

ಇವುಗಳನ್ನು ಸಂಖ್ಯೆಗಳಿಂದ ಗುರುತಿಸುವರು. 4ನೆಯದು ಸುಮಾರು 9 ಅಂಗುಲ, 5ನೆಯದು 14, 7ನೆಯದು 22 ಅಂಗುಲ ಉದ್ದ. ಚಿಕ್ಕ ಕೀಸುಳಿಯು ಹಲಗೆಯ ತಗ್ಗಿನಲ್ಲಿ ತಾನೂ ಇಳಿದು, ಉಬ್ಬಿನಲ್ಲಿ ತಾನೂ ಏರುವುದು. ಉದ್ದನೆಯದಾದರೋ ಎರಡು ಉಬ್ಬುಗಳ ಮೇಲೆ ಸೇತುವೆಯಂತೆ ನಿಂತು ಅವುಗಳನ್ನಷ್ಟೇ ಸವೆಸುವುದು. ಒಂದನ್ನೇ ಕೊಳ್ಳಬಲ್ಲವರಿಗೆ 5ನೆಯದೇ ಲೇಸೆಂದು ನನ್ನ ಅಭಿಪ್ರಾಯ. ಕಿರಿಯರ ತೋಳಿಗೆ ಅದು ಭಾರವೆನಿಸಿದರೆ 4ನೆಯದಾಗಬಹುದು.

ಚೋರ್ ಬಜಾರಿನಂತಹ ಹಳೆಯ ಸರಕಿನ ಪೇಟೆಯಲ್ಲಿ ಕೊಳ್ಳುವುದಾದರೆ ಮೇಲಣ ತುಕ್ಕಿಗೆ ಅಂಜಬೇಕಾಗಿಲ್ಲ, ಉಜ್ಜಿದರೆ ಹೋಗುವುದು. ಅಂಜಬೇಕಾದುದು ಬಿರುಕಿಗೆ. ಬಾಯಿಯ ಅಕ್ಕಪಕ್ಕದಲ್ಲಿ ಎರಕವು ಬಿರಿದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಅನಂತರ ಉಕ್ಕಿನ ಅಳತೆಪಟ್ಟಿಯ ಅಂಚನ್ನು ತಳದ ಮೇಲೆ ಉದ್ದಕ್ಕೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿರಿ. ಎರಡು ತುದಿಗಳೂ ಬಾಯಿಯ ಮುಂಭಾಗವೂ ಪಟ್ಟಿಗೆ ತಾಗಿದರೆ ಸಾಕು. ನಡುವೆ ಎಲ್ಲಿಯಾದರೂ ಕೊಂಚ ಬೆಳಕು ತೂರಿದರೆ ಬಾಧಕವಿಲ್ಲ. ಅಲ್ಪಸ್ವಲ್ಪ ಡೊಂಕನ್ನು ದಪ್ಪ ಗಾಜಿನ ಮೇಲೆ ಮರಳುಕಾಗದವನ್ನು ಹರಡಿ ಉಜ್ಜಿ ಸರಿಪಡಿಸಬಹುದು. ಅಲಗಿನ ಚಪ್ಪಟೆ ಬದಿಯಲ್ಲಿ ಅಂಚಿನ ಬಳಿ ತುಕ್ಕು ತಿಂದ ಗುಳಿಗಳಿದ್ದರೆ ಅಂಚು ಎಂದಿಗೂ ಹರಿತವಾಗದು. ತಿರುಪುಗಳೆಲ್ಲ ಇವೆಯೇ ಎಂದು ಎಣಿಸಿರಿ. ಹಲವು ಹಳೆಯ ಕೀಸುಳಿಗಳಿಗೆ ಅಂಗಡಿಯ ಸಾಮಾನ್ಯ ತಿರುಪು ಹೊಂದದು. ಮರದ ಹಿಡಿಯು ಮುರಿದಿದ್ದರೆ ಮಾತ್ರ ಸಂತೋಷಪಡಿರಿ! ಬೆಲೆ ಇಳಿಸಲು ಅದು ಒಳ್ಳೆಯ ನೆವ. ಹಿಡಿಯನ್ನು ನೀವೇ ಮಾಡಿಕೊಳ್ಳಬಹುದು.

ಇಷ್ಟಾದ ಮೇಲೂ ಸಾಣೆಕಲ್ಲಿಗೆಂದು ಹಣವನ್ನು ಉಳಿಸಿಕೊಂಡಿರಬೇಕು. ಹೊಸ ಅಲಗೂ ಸಾಣೆ ಹಿಡಿಯದೆ ಸರಿಯಾಗಿ ಕೀಸದು. ಮೊದಲು ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಸಮಮಾಡಿ, ಬಳಿಕ 25 ಡಿಗ್ರಿಯ ಓರೆಯನ್ನೂ ಅದರ ತುದಿಯಲ್ಲಿ 30 ಡಿಗ್ರಿಯ ಸಣ್ಣ ಅಂಚನ್ನೂ ಮಾಡತಕ್ಕದ್ದು. ಅಲಗಿನ ಮೇಲಿರುವ ಕಬ್ಬಿಣದ ತುಂಡು ಅಂಚಿನಿಂದ ಸುಮಾರು 1 ಮಿಲಿಮೀಟರ್ ಹಿಂದಿರಲಿ. ಏಳುವ ಸಿಪ್ಪೆಯನ್ನು ಅದು ಒಡನೆ ಮುರಿದು ಬಾಗಿಸುವುದರಿಂದ ಮರವು ಸೀಳುವುದಿಲ್ಲ. ತಳಕ್ಕೆ ಮೇಣದ ಬತ್ತಿಯನ್ನು ಎರಡು ಗೆರೆ ಎಳೆದು, ನಾರಿನ ದಿಕ್ಕಿನಲ್ಲಿಯೇ ನೂಕಿರಿ.