ಗೂಬೆ ನಾಣ್ಯ: ಅಸಲಿಯೋ, ನಕಲಿಯೋ?

ಕ್ರಿ.ಪೂ. 375ರ ಸುಮಾರಿಗೆ ಅಥೆನ್ಸ್ ನಗರ ಒಂದು ಕಾಯ್ದೆ ಮಾಡಿತು. ಪೇಟೆಯಲ್ಲಿ ಹಣದ ವ್ಯಾಪಾರಿಗಳ ನಡುವೆ ನೋಟಗಾರನೊಬ್ಬ ಕೂತು ಬೆಳ್ಳಿ ನಾಣ್ಯಗಳನ್ನು ಪರೀಕ್ಷಿಸಬೇಕು. ಒಳ್ಳೆಯದಾದರೆ ತಂದವರಿಗೇ ಮರಳಿಸಬೇಕು. ಒಳಗೆ ಕಂಚೋ ಸೀಸವೋ ಇದ್ದರೆ ಅಲ್ಲೇ ಕಚ್ಚು ಹಾಕಿ ದೇವತೆಗಳ ಮಾತೆಗೆ ಒಪ್ಪಿಸಬೇಕು. ಈ ಕಾಯ್ದೆಯನ್ನು ಕೊರೆದ ಕಲ್ಲು 1970ರಲ್ಲಿ ಅಥೆನ್ಸ್‌ನ ಅಗೋರಾದಲ್ಲಿ, ಅಂದರೆ ಹಳೆಯ ಪೇಟೆಯ ಜಾಗದಲ್ಲಿ, ಸಿಕ್ಕಿತು. ಅಂದಿನ ನೋಟಗಾರನ ಕೆಲಸವನ್ನು ಇಂದು ನಾಣ್ಯ ಕೊಳ್ಳುವವರೇ ಮಾಡಿಕೊಳ್ಳಬೇಕು.

ಹೆಚ್ಚು ನಕಲಾಗುವ ಗ್ರೀಕ್ ನಾಣ್ಯಗಳಲ್ಲಿ ಅಥೆನ್ಸ್‌ನ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್‌ಗಳ ನಾಣ್ಯ, ಒಂದು. ಒಂದು ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ, ಇನ್ನೊಂದರಲ್ಲಿ ಗೂಬೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಪರೀಕ್ಷೆಯ ಕ್ರಮ ನೋಡೋಣ. ಬೇಕಾದದ್ದು ಇಷ್ಟು: 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ, ಒಂದು ಲೋಟ ನೀರು, ತೆಳು ದಾರ.

1. ತೂಗಿ ನೋಡಿ
ಇದರ ತೂಕ ಸುಮಾರು 17.2 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಇರಬಹುದು. 14 ಗ್ರಾಂ ಅಥವಾ 19 ಗ್ರಾಂ ತೂಗಿದರೆ ಅನುಮಾನಿಸಿ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಬೇಡಿ. ನಕಲು ಮಾಡುವವರಿಗೂ ಈ ಅಂಕಿ ಗೊತ್ತು.

2. ಅಂಚನ್ನು ಸುತ್ತಲೂ ನೋಡಿ
ಅಸಲಿ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದಾರೆ. ಆ ಪೆಟ್ಟಿಗೆ ಅಂಚು ಬಿರಿದು ಸಣ್ಣ ಸೀಳು ಬಿಟ್ಟಿರಬಹುದು, ಚಿತ್ರ ಒಂದು ಬದಿಗೆ ಸರಿದಿರಬಹುದು. ಇವು ದೋಷಗಳಲ್ಲ. ಅಂಚಿನ ನಡುವೆ ಸುತ್ತಲೂ ಒಂದೇ ಗೆರೆ ಓಡಿದ್ದರೆ ಅದು ಎರಕದ ಅಚ್ಚಿನ ಎರಡು ಹೋಳು ಕೂಡಿದ ಗುರುತು. ಆ ಗೆರೆ ಅಳಿಸಲು ಅರ ಹಾಕಿ ಉಜ್ಜಿದ ಗೀರುಗಳಿವೆಯೇ ಎಂದೂ ನೋಡಿ.

3. ಮೇಲ್ಮೈಗೆ ಭೂತಗನ್ನಡಿ ಹಿಡಿಯಿರಿ
ಎರಕದ ನಾಣ್ಯದಲ್ಲಿ ಗಾಳಿಗುಳ್ಳೆಗಳ ದುಂಡು ಕುಳಿಗಳು ಕಾಣುತ್ತವೆ. ಕೂದಲು, ಗರಿಗಳ ಗೆರೆಗಳು ಬಳಸಿದ ಸಾಬೂನಿನಂತೆ ಮಂಕಾಗಿರುತ್ತವೆ. ಹೊಡೆದು ಮಾಡಿದ ನಾಣ್ಯದಲ್ಲಿ ಲೋಹ ಹೊರಮುಖವಾಗಿ ಹರಿದ ನವಿರು ಗೆರೆಗಳಿರುತ್ತವೆ. ಎಲ್ಲಾದರೂ ಬೆಳ್ಳಿ ಸಿಪ್ಪೆ ಎದ್ದು ಕೆಂಪು ಇಲ್ಲವೇ ಹಸಿರು ಇಣುಕಿದರೆ ಒಳಗಿರುವುದು ತಾಮ್ರ. ಇಂಥ ಹೊದಿಕೆ ನಾಣ್ಯಗಳನ್ನು ಪ್ರಾಚೀನ ಕಾಲದಲ್ಲೂ ಮಾಡುತ್ತಿದ್ದರು. ಹಾಗಾಗಿ ಹಳೆಯ ನಾಣ್ಯ ಎಂದರೆ ಅಪ್ಪಟ ಬೆಳ್ಳಿ ಎಂದಲ್ಲ.

4. ಚಿತ್ರವನ್ನು ಓದಿ
ಗೂಬೆಯ ಮೈ ಬಲಕ್ಕೆ, ಮುಖ ನೇರ ನಮ್ಮ ಕಡೆಗೆ. ಎಡ ಮೇಲ್ಬದಿಯಲ್ಲಿ ಆಲಿವ್ ಚಿಗುರು, ಪುಟ್ಟ ಚಂದ್ರ. ಬಲಗಡೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಗ್ರೀಕ್ ಅಕ್ಷರ. ಅಥೀನಾಳ ಕಣ್ಣನ್ನು ವಿಶೇಷವಾಗಿ ಗಮನಿಸಿ. ಕ್ರಿ.ಪೂ. ಐದನೇ ಶತಮಾನದ ನಾಣ್ಯಗಳಲ್ಲಿ ಮುಖ ಪಕ್ಕಕ್ಕಿದ್ದರೂ ಕಣ್ಣು ಬಾದಾಮಿಯಂತೆ ಪೂರ್ತಿ ಕಾಣುತ್ತದೆ. ನಾಲ್ಕನೇ ಶತಮಾನದಲ್ಲಿ ಪಕ್ಕದಿಂದ ನೋಡಿದಂತಾಗುತ್ತದೆ. ಮಾರುವವರು ಹೇಳುವ ಕಾಲಕ್ಕೂ ಕಣ್ಣಿಗೂ ತಾಳೆಯಾಗಬೇಕು. ಬ್ರಿಟಿಷ್ ಮ್ಯೂಸಿಯಂನಂಥ ಸಂಗ್ರಹಗಳ ಚಿತ್ರಗಳು ಅಂತರ್ಜಾಲದಲ್ಲಿವೆ. ಹತ್ತಾರು ನೋಡಿ ಕಣ್ಣು ಪಳಗಿಸಿಕೊಳ್ಳಿ.

5. ನೀರಿನಲ್ಲಿ ತೂಗಿ
ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ದಾರ ಕಟ್ಟಿದ ನಾಣ್ಯವನ್ನು ತಳಕ್ಕೂ ಬದಿಗೂ ತಾಗದಂತೆ ನೀರಲ್ಲಿ ಇಳಿಬಿಡಿ. ನಾಣ್ಯದ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 17.2 ಗ್ರಾಂ ನಾಣ್ಯಕ್ಕೆ ಆ ಅಂಕಿ 1.65 ಬಂದರೆ ಸಾಂದ್ರತೆ 10.4. ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96. ಒಳಗೆ ಸಣ್ಣ ಟೊಳ್ಳುಗಳಿರುವ ಅಸಲಿ ನಾಣ್ಯ ತುಸು ಕಡಿಮೆ ತೋರಿಸಬಹುದು. ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ನಕಲು ಈ ಪರೀಕ್ಷೆಯಲ್ಲಿ ಗೆದ್ದುಬಿಡುತ್ತದೆ ಎಂಬುದೂ ನೆನಪಿರಲಿ.

6. ಅವಳಿಯನ್ನು ಹುಡುಕಿ
ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯಗಳಲ್ಲಿ ಚಿತ್ರ ಒಂದೇ ಆದರೂ ಬಿಲ್ಲೆಯ ಆಕಾರ, ಸೀಳು, ಗೀರು ಬೇರೆಬೇರೆ. ಇವೂ ಒಂದೇ ಆಗಿರುವ ಇನ್ನೊಂದು ನಾಣ್ಯ ಕಂಡರೆ ಎರಡರಲ್ಲಿ ಒಂದಾದರೂ ನಕಲಿ.

7. ತಜ್ಞರಿಗೆ ತೋರಿಸಿ
ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಕೈಯಿಂದ ಅಚ್ಚು ಕೆತ್ತಿ, ಒಳ್ಳೆಯ ಲೋಹದಲ್ಲೇ ನಾಣ್ಯ ಟಂಕಿಸಿದ. ಇಂಥ ನಕಲಿಗೆ ಎರಕದ ಗೆರೆಯೂ ಇರದು, ಗುಳ್ಳೆಯೂ ಇರದು. ಅಚ್ಚುಗಳನ್ನು ಬಲ್ಲವರೇ ಹಿಡಿಯಬೇಕು. ಹಿಂದೆ ಯಾರ ಬಳಿ ಇತ್ತು, ಯಾವ ಹರಾಜಿನಲ್ಲಿ ಮಾರಾಟವಾಯಿತು ಎಂಬ ದಾಖಲೆ ಕೇಳಿ. ಗ್ರೀಸ್, ಟರ್ಕಿ ಪ್ರವಾಸದಲ್ಲಿ ಬೀದಿಯಲ್ಲಿ ತೋರಿಸುವ ನಾಣ್ಯವನ್ನು ಕೊಳ್ಳಲೇಬೇಡಿ. ನಕಲಿಯಾದರೆ ಹಣ ಹೋಯಿತು. ಅಸಲಿಯನ್ನು ಅನುಮತಿಯಿಲ್ಲದೆ ಹೊರತಂದರೆ ಅಪರಾಧ.

ಇವನ್ನು ಮಾಡಬೇಡಿ
ಒರೆಗಲ್ಲಿಗೆ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಹುಣಸೆಹಣ್ಣಿನಿಂದ ತಿಕ್ಕಬೇಡಿ. ನಾದ ಕೇಳಲೆಂದು ಕಲ್ಲಿನ ಮೇಲೆ ಬೀಳಿಸಬೇಡಿ. ಶತಮಾನಗಳ ಹಳೆಯ ಬೆಳ್ಳಿ ಪೆಡಸಾಗಿ ಒಡೆಯಬಹುದು.

ಕೆಲವು ಗೂಬೆ ನಾಣ್ಯಗಳ ಮೇಲೆ ಆಳವಾದ ಹಳೆಯ ಕಚ್ಚು ಇರುತ್ತದೆ. ಕಂಡೊಡನೆ ತಳ್ಳಿಹಾಕದೆ ಭೂತಗನ್ನಡಿಯಲ್ಲಿ ಆ ಸೀಳಿನೊಳಗೆ ನೋಡಿ. ತಳದವರೆಗೂ ಬೆಳ್ಳಿಯೇ ಇದ್ದರೆ ಹೊದಿಕೆಯ ಅನುಮಾನವನ್ನು ಹಿಂದಿನವರೇ ಬಗೆಹರಿಸಿದ್ದಾರೆ. ನೀವು ಮತ್ತೆ ಗೀರುವ ಅಗತ್ಯವಿಲ್ಲ.