ಬಂಡೆ ಹತ್ತುವ ಶೂವಿನ ರಬ್ಬರ್ ತಳ: ಕಡೂರು, ತರೀಕೆರೆ, ಅಜ್ಜಂಪುರದ ಕಲಿಯುವವರಿಗೆ ಮುಖ್ಯಾಂಶಗಳು

ಬಂಡೆ ಆರೋಹಣ ಕಲಿಯಲು ರಾಮನಗರಕ್ಕೋ ಬಾದಾಮಿಗೋ ಹೊರಟವರು ಹಗ್ಗ, ಗಂಟು, ಹಾರ್ನೆಸ್ ಎಲ್ಲವನ್ನೂ ಓದಿಕೊಂಡಿರುತ್ತಾರೆ. ಶೂವಿನ ತಳದ ಬಗ್ಗೆ ಕೇಳಿದರೆ ಮಾತ್ರ ತಡವರಿಸುತ್ತಾರೆ. ಕಾಲು ಜಾರಿದ ಕೂಡಲೇ ರಬ್ಬರ್ ಹಳತಾಯಿತು ಎಂದುಬಿಡುವುದು ವಾಡಿಕೆ. ಬಹಳ ಸಲ ರಬ್ಬರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಅದರ ಮೇಲೆ ನಮ್ಮೂರ ಮಣ್ಣು ಕೂತಿರುತ್ತದೆ ಅಷ್ಟೆ.

ತಳ ಹಿಡಿಯುವುದು ಹೇಗೆ? ಮೆದು ರಬ್ಬರ್ ದೇಹದ ಭಾರಕ್ಕೆ ಕಲ್ಲಿನ ಸಣ್ಣ ತಗ್ಗುಗಳೊಳಗೆ ಇಳಿದು ಅವುಗಳ ಆಕಾರ ತಾಳುತ್ತದೆ. ಜೊತೆಗೆ ಮೇಲ್ಮೈಗೆ ಅಂಟಿಕೊಳ್ಳುವ ಗುಣವೂ ಅದಕ್ಕಿದೆ. ಎರಡೂ ಸೇರಿ ಘರ್ಷಣೆ ಹೆಚ್ಚುತ್ತದೆ. ನಡುವೆ ಧೂಳು ಬಂದರೆ ರಬ್ಬರ್ ಕಲ್ಲನ್ನು ಮುಟ್ಟುವುದೇ ಇಲ್ಲ. ಕಣಗಳು ಉರುಳುತ್ತವೆ, ಕಾಲು ಜಾರುತ್ತದೆ. ತರೀಕೆರೆ ತೋಟಗಳಲ್ಲಿ ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರವನ್ನು ಅವರು ಮೊದಲು ಕೈಯಿಂದ ಸವರಿ ನೋಡುತ್ತಾರೆ.

ಇಸವಿಗಳು. ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಲ್ಕನೀಕರಣವನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಇಟಲಿಯ ವಿಟಾಲೆ ಬ್ರಮಾನಿ 1937ರಲ್ಲಿ ವಿಬ್ರಂ ಆರಂಭಿಸಿದರು. ಅವರ ಹೆಸರಿನ ಅಕ್ಷರಗಳೇ ಕಂಪನಿಯ ಹೆಸರಾದವು. 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಜನ ಆರೋಹಿಗಳು ಸತ್ತ ದುರಂತವೇ ಅದಕ್ಕೆ ಪ್ರೇರಣೆ. ಅಂಟುವ ಗುಣದ ಹೊಸ ರಬ್ಬರಿನ ಬೋರಿಯಲ್ ಫಿರೆ ಶೂ 1980ರ ದಶಕದ ಆರಂಭದಲ್ಲಿ ಸ್ಪೇನಿನಿಂದ ಹೊರಗೆ ಹೆಸರು ಮಾಡಿತು. ಅಮೆರಿಕದಲ್ಲಿ ಚಾರ್ಲ್ಸ್ ಕೋಲ್ 1985ರಲ್ಲಿ ಫೈವ್ ಟೆನ್ ಸ್ಥಾಪಿಸಿದರು, ಅವರ ರಬ್ಬರಿನ ಹೆಸರು ಸ್ಟೆಲ್ತ್. ಇಂದಿನ ಶೂಗಳ ತಳ ಸಾಮಾನ್ಯವಾಗಿ 3.5ರಿಂದ 5 ಮಿ.ಮೀ. ದಪ್ಪ.

ನಮ್ಮ ಮಣ್ಣು, ನಮ್ಮ ಕೊಳೆ. ಇದು ಯಾವ ಕೈಪಿಡಿಯಲ್ಲೂ ಸಿಗದ ಭಾಗ, ಹಾಗಾಗಿ ನಿಧಾನವಾಗಿ ಓದಿ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರಲ್ಲೇ ಕೆಮ್ಮಣ್ಣಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಬೆಟ್ಟ ಅದು. ಅಲ್ಲಿನ ಕೆಂಪು, ಕಬ್ಬಿಣದ ಆಕ್ಸೈಡಿನ ಬಣ್ಣ. ಹುಡಿ ತೀರ ನುಣುಪು. ಒಣಗಿದ್ದಾಗ ಬ್ರಷ್ಷಿಗೆ ಸುಲಭವಾಗಿ ಬಿಡುತ್ತದೆ, ನೀರು ಬಿದ್ದರೆ ಬಣ್ಣ ಬಳಿದಂತೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಒಣ ಬ್ರಷ್, ನೀರು ಆಮೇಲೆ.

ಅಜ್ಜಂಪುರದ ಎರೆಮಣ್ಣು ಇದಕ್ಕೆ ತದ್ವಿರುದ್ಧ. ಅದರ ಜೇಡಿ ನೀರು ಕುಡಿದು ಉಬ್ಬಿ, ಅಂಚುಗಳಲ್ಲಿ ಮುದ್ದೆಯಾಗಿ ಕೂರುತ್ತದೆ. ಹಸಿಯಲ್ಲಿ ತಿಕ್ಕಿದರೆ ಇನ್ನಷ್ಟು ಹರಡುತ್ತದೆ. ಪೂರ್ತಿ ಒಣಗಲು ಬಿಡಿ, ಬಿರುಕು ಬಿಟ್ಟ ಮೇಲೆ ಮರದ ಕಡ್ಡಿಯಿಂದ ಚಕ್ಕೆ ಎಬ್ಬಿಸಿ. ಚಾಕು ಬೇಡ.

ಕಡೂರಿನ ಬಯಲಲ್ಲಿ ತೊಂದರೆ ಮಣ್ಣಿಗಿಂತ ನೀರಿನದು. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಹಲವೆಡೆ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿ ಗಷ್ಟು ಆಗುತ್ತವೆ. ಆ ಗಷ್ಟು ತಳದ ಮೇಲೆ ಪೊರೆಯಾಗಿ ಉಳಿದರೆ ತೊಳೆದ ಶೂ ತೊಳೆಯದ್ದಕ್ಕಿಂತ ಹೆಚ್ಚು ಜಾರುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ಸಾಬೂನೇ ಬೇಕೆಂದಿಲ್ಲ, ಅಂಟುವಾಳದ ನೊರೆ ಸಾಕು.

ತೊಳೆಯುವ ಕ್ರಮ. ಒಣ ಬ್ರಷ್; ನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ತಳಕ್ಕೆ ಮಾತ್ರ. ಶೂವನ್ನು ಬಕೆಟ್ಟಿನಲ್ಲಿ ಮುಳುಗಿಸಬಾರದು, ಅದರಲ್ಲೂ ಚರ್ಮದ್ದನ್ನು. ನೊರೆ ಉಳಿಯದಂತೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಕೊನೆಗೆ ಹೆಬ್ಬೆರಳು ಒತ್ತಿ ಎಳೆಯಿರಿ. ಕೀಚ್ ಎಂದು ಸದ್ದು ಬಂದರೆ ತಳ ಸಿದ್ಧ, ಸುಮ್ಮನೆ ಸರಿದುಹೋದರೆ ಇನ್ನೂ ಪೊರೆ ಇದೆ ಎಂದರ್ಥ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ.

ಮಾಡಬಾರದವು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ರಬ್ಬರನ್ನು ಉಬ್ಬಿಸುತ್ತವೆ, ತಳ ಹಿಡಿದಿಟ್ಟ ಅಂಟನ್ನೂ ಕರಗಿಸುತ್ತವೆ. ಸ್ಪಿರಿಟ್ಟನ್ನು ಬಟ್ಟೆಗೆ ಹಚ್ಚಿ ಯಾವಾಗಲಾದರೂ ಒಮ್ಮೆ ಒರೆಸಬಹುದು, ರೂಢಿ ಮಾಡಿಕೊಳ್ಳಬಾರದು. ಬೇಸಿಗೆಯ ಬಿಸಿಲಲ್ಲಿ ನಿಂತ ಜೀಪಿನೊಳಗೆ ಶೂ ಬಿಟ್ಟುಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ಶಾಖಕ್ಕೆ ಅಂಟು ಮೆದುವಾಗಿ ಬೆರಳ ತುದಿಯಿಂದಲೇ ತಳ ಬಿಡತೊಡಗುತ್ತದೆ. ಒಲೆಯ ಪಕ್ಕ ಒಣಗಿಸುವುದಕ್ಕೂ ಇದೇ ಉತ್ತರ.

ಪೌಡರಿನ ವಿಚಾರ ಬೇರೆಯಾಗಿ ಹೇಳಬೇಕು. ಕೈಗೆ ಹಚ್ಚುವ ಚಾಕ್ ಮೆಗ್ನೀಷಿಯಂ ಕಾರ್ಬೊನೇಟ್. ಅದು ಬೆವರು ಹೀರಲು ಇರುವುದು, ತಳಕ್ಕೆ ಹಚ್ಚಲು ಅಲ್ಲ. ಬೆವರಿನ ವಾಸನೆಗೆಂದು ಶೂವೊಳಗೆ ಸುರಿಯುವ ಟಾಲ್ಕಂ ಪೌಡರ್ ಇನ್ನೂ ಕೆಟ್ಟದ್ದು. ಟಾಲ್ಕ್ ಎಂದರೆ ಬಳಪದ ಕಲ್ಲಿನ ಮುಖ್ಯ ಖನಿಜ, ಮುಟ್ಟಿದರೆ ನುಣ್ಣಗೆ ಜಾರುತ್ತದೆ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ಗುಡಿಯ ಕುಸುರಿ ಅಷ್ಟು ಸೂಕ್ಷ್ಮವಾಗಿ ಬಂದಿರುವುದು ಆ ಮೆದು ಕಲ್ಲಿನಿಂದಲೇ. ಉಳಿಗೆ ವರವಾದ ಆ ಗುಣ ಆರೋಹಿಯ ಕಾಲಿಗೆ ಅಪಾಯ.

ಹೊಳಪು ಬಂದರೆ? ಗಾಳಿ, ಬಿಸಿಲು ತಾಗಿ ರಬ್ಬರಿನ ಮೇಲ್ಪದರ ಗಟ್ಟಿಯಾಗಿ ಹೊಳೆಯುತ್ತದೆ. ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿದರೆ ಒಳಗಿನ ಹೊಸ ರಬ್ಬರ್ ಕಾಣಿಸುತ್ತದೆ. ಪ್ರತಿ ಉಜ್ಜಿಗೂ ತಳ ತೆಳುವಾಗುತ್ತದೆ, ಆದ್ದರಿಂದ ಅಪರೂಪಕ್ಕೆ ಮಾತ್ರ.

ತಡೆಯುವುದು. ಬಂಡೆಯ ಬುಡದವರೆಗೆ ಚಪ್ಪಲಿಯಲ್ಲೇ ನಡೆಯಿರಿ. ಶೂ ಹಾಕಿಕೊಂಡು ನಿಲ್ಲಲು ಒಂದು ಗೋಣಿಚೀಲ ಹಾಸಿ, ಹತ್ತುವ ಮೊದಲು ಎರಡೂ ತಳಗಳನ್ನು ಒಣ ಬಟ್ಟೆಯಿಂದ ಒರೆಸಿಕೊಳ್ಳಿ. ಇಷ್ಟು ಮಾಡುವವರಿಗೆ ತೊಳೆಯುವ ಕೆಲಸವೇ ಕಡಿಮೆ.

ಮೌಖಿಕದಲ್ಲಿ ಕೇಳಬಹುದಾದ ಪ್ರಶ್ನೆ: ತಳ ಬದಲಿಸಬೇಕಾದದ್ದು ಯಾವಾಗ? ಉತ್ತರ: ತಳದ ಅಂಚು ಸವೆದು ದುಂಡಗಾಗಿ, ಬೆರಳ ಸುತ್ತ ಮೇಲೇರುವ ತೆಳು ರಬ್ಬರ್ ಪಟ್ಟಿಯಾದ ರ‍್ಯಾಂಡ್‌ಗೆ ಸವೆತ ಇನ್ನೂ ತಲುಪದಿದ್ದಾಗ. ರ‍್ಯಾಂಡ್ ತೂತಾದರೆ ಅದನ್ನೂ ಕಿತ್ತು ಹೊಸದು ಕೂರಿಸಬೇಕಾಗುತ್ತದೆ, ಕೂಲಿ ಹೆಚ್ಚು, ಶೂವಿನ ಆಕಾರವೂ ಕೆಡಬಹುದು. ತೊಳೆಯುವಾಗಲೆಲ್ಲ ಹೆಬ್ಬೆರಳ ಕೆಳಗಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿ. ಸವೆತ ಮೊದಲು ಶುರುವಾಗುವುದು ಅಲ್ಲೇ.