ಮರಿಯಾಮೆಗೆ ಮನೆಯೊಳಗೊಂದು ಆವರಣ

ಹಾಸನ ತಾಲ್ಲೂಕಿನ ದುದ್ದದಂಥ ಊರುಗಳಲ್ಲಿ, ಮಳೆ ಹಿಡಿದ ಮೇಲೆ, ಕೆರೆಯ ಏರಿಯ ಮೇಲೋ ಗದ್ದೆಯ ಬದುವಿನಲ್ಲೋ ಆಮೆಯೊಂದು ಕಣ್ಣಿಗೆ ಬೀಳಬಹುದು. ಹುಡುಗರು ಅದನ್ನು ಮನೆಗೆ ತಂದು ಬಕೆಟ್ಟಿನಲ್ಲಿಡುವುದೂ ಉಂಟು. ಆದರೆ ಅದು ಯಾವ ಆಮೆ? ನಮ್ಮ ಭಾಷೆಯಲ್ಲಿ ‘ಆಮೆ’ ಎಂಬ ಒಂದೇ ಮಾತು ಎರಡು ಬಗೆಯ ಬಾಳಿಗೆ ಸಲ್ಲುತ್ತದೆ. ಕೆರೆಯ ಆಮೆಯ ಬೆರಳುಗಳ ನಡುವೆ ಬಾತಿನ ಪಾದದಲ್ಲಿರುವಂತೆ ಪೊರೆಯಿದೆ. ನೆಲದ ಆಮೆಯ ಕಾಲು ಆನೆಯ ಕಾಲಿನಂತೆ ಕಂಬದ ಆಕಾರದ್ದು. ಈ ಎರಡನೆಯ ಗುಂಪಿಗೆ ಸೇರಿದ ನಕ್ಷತ್ರ ಆಮೆಯ ಮರಿಯೇ ಇಲ್ಲಿನ ವಿಷಯ.

ಇದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ ನಿಷೇಧಿಸಲಾಯಿತು. ಆದರೂ ಕಳ್ಳಸಾಗಣೆ ನಿಂತಿಲ್ಲ. 2018ರ ನವೆಂಬರಿನಲ್ಲಿ, ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳು ಕರ್ನಾಟಕಕ್ಕೆ ಮರಳಿ ಬಂದವು. ಹೀಗೆ ಬಿಡಿಸಿ ತಂದ ಜೀವಿಗಳನ್ನು ಯಾರಾದರೂ ಪೋಷಿಸಲೇಬೇಕಷ್ಟೆ. ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಮುಂದೆ ಓದಬಯಸುವವರಿಗೆ ಇದು ನಾಳೆಯ ಕೆಲಸ. ಮಿಕ್ಕವರಿಗೆ ಶರೀರಶಾಸ್ತ್ರದ ಒಳ್ಳೆಯ ಪಾಠ.

ಪೆಟ್ಟಿಗೆ ಮರದ್ದಾಗಿರಲಿ. ಒಂದೆರಡು ಮರಿಗಳಿಗೆ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಮೊದಲಿಗೆ ಸಾಕು. ಗಾಜಿನ ತೊಟ್ಟಿ ನೋಡಲು ಚೆಲುವೇ ಸರಿ. ಆದರೆ ಗಾಜೆಂಬುದು ಆಮೆಗೆ ತಿಳಿಯದು, ಅದು ದಿನವಿಡೀ ಅದಕ್ಕೆ ಮೂತಿ ಒತ್ತುತ್ತಾ ದಣಿಯುತ್ತದೆ.

ಆಮೆ ತನ್ನ ಮೈಯ ಶಾಖವನ್ನು ಹೊರಗಿನಿಂದ ಪಡೆಯುವ ಪ್ರಾಣಿ. ಆದುದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಿದ್ದು, ಇನ್ನೊಂದು ತುದಿ 25ರ ಸುಮಾರಿನಲ್ಲಿರಬೇಕು. ಬೇಕಾದುದನ್ನು ಮರಿಯೇ ಆರಿಸಿಕೊಳ್ಳುತ್ತದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಧನುರ್ಮಾಸದ ರಾತ್ರಿಗಳಲ್ಲಿ ಕೋಣೆಯನ್ನು ಬೆಚ್ಚಗಿಡದಿದ್ದರೆ, ತಂಪೂ ತೇವವೂ ಕೂಡಿ ಶ್ವಾಸಕೋಶದ ಬೇನೆ ತರುತ್ತವೆ. ಮೂಗಿನಲ್ಲಿ ಗುಳ್ಳೆ ಕಂಡರೆ ತಡಮಾಡಬಾರದು.

ಕಿಟಕಿಯ ಬಳಿ ಬಿಸಿಲಿಗಿಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಸೂರ್ಯನ ನೇರಿಳಾತೀತ ಕಿರಣಗಳಲ್ಲಿ ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗಾಂತರದವು ಚರ್ಮದೊಳಗೆ ‘ಡಿ3’ ಜೀವಸತ್ವವನ್ನು ಹುಟ್ಟಿಸುತ್ತವೆ. ಅದಿಲ್ಲದೆ ಕರುಳು ಸುಣ್ಣಾಂಶವನ್ನು ಸರಿಯಾಗಿ ಹೀರಲಾರದು. ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಒಳಬಿಟ್ಟು, ಈ ಕಿರಣಗಳನ್ನು ಮಾತ್ರ ಬಹುಮಟ್ಟಿಗೆ ತಡೆದುಬಿಡುತ್ತದೆ! ಮರಿ ಬೆಚ್ಚಗೆ ಮಲಗಿದ್ದರೂ ಅದರ ಚಿಪ್ಪು ತಿಂಗಳಿಂದ ತಿಂಗಳಿಗೆ ಮೆತ್ತಗಾಗುತ್ತದೆ. ಆದುದರಿಂದ ಬೆಳಗಿನ ಎಳೆಬಿಸಿಲಿನಲ್ಲಿ ಹೊರಗಿಡಬೇಕು. ಕಾಗೆಗಳಿಗೆ ಸಿಕ್ಕದಂತೆ ಮೇಲೆ ತಂತಿಬಲೆ, ಒಂದು ಪಾಲು ನೆರಳು. ಒಳಗಾದರೆ ಈ ಕಿರಣ ಸೂಸುವ ವಿಶೇಷ ದೀಪ ಬೇಕು. ಅದು ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಕಿರಣಶಕ್ತಿ ಕ್ರಮೇಣ ಕುಂದುವುದರಿಂದ, ತಯಾರಕರು ಹೇಳಿದ ಅವಧಿಗೆ ಬದಲಾಯಿಸಬೇಕು.

ನಕ್ಷತ್ರ ಆಮೆ ಒಣನಾಡಿನದೆಂದು ಮರಿಯನ್ನು ಒಣಮರಳಿನಲ್ಲಿಡುವುದು ಹಳೆಯ ವಾಡಿಕೆ. ಕಾಡಿನ ಮರಿಯಾದರೋ ಎಲೆರಾಶಿ, ಹುಲ್ಲುಗಳ ತೇವದಲ್ಲಿ ಅಡಗಿರುತ್ತದೆ. 2003ರಲ್ಲಿ ವೀಸ್ನರ್ ಮತ್ತು ಇಬೆನ್ ಎಂಬ ಸಂಶೋಧಕರು ಆಫ್ರಿಕದ ಒಂದು ಜಾತಿಯ ಮರಿಗಳನ್ನು ಪರೀಕ್ಷಿಸಿ, ಚಿಪ್ಪು ಗೋಪುರಗಳಂತೆ ಉಬ್ಬುವುದಕ್ಕೆ ಆಹಾರದ ಪ್ರೋಟೀನಿಗಿಂತ ಗಾಳಿಯ ಶುಷ್ಕತೆಯೇ ಹೆಚ್ಚು ಕಾರಣವೆಂದು ಕಂಡರು. (ನಕ್ಷತ್ರ ಆಮೆಯ ಚಿಪ್ಪು ಸಹಜವಾಗಿಯೇ ತುಸು ಉಬ್ಬಿರುತ್ತದೆಂಬುದು ಬೇರೆ ಮಾತು.) ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಾಸಿ ನೀರು ಚಿಮುಕಿಸಿದರೆ ತೇವ ನಿಲ್ಲುತ್ತದೆ. ಚನ್ನರಾಯಪಟ್ಟಣದ ಕಡೆಯವರು ಈ ಪುಡಿಗಾಗಿ ದೂರ ಹುಡುಕಬೇಕಾಗಿಲ್ಲ. ಅಡಗಲು ಬೋರಲು ಹಾಕಿದ ಅರೆಮಡಕೆ, ಕುಡಿಯಲು ಆಳವಿಲ್ಲದ ಮಣ್ಣಿನ ತಟ್ಟೆ.

ಆಹಾರಕ್ಕೆ ಗರಿಕೆ, ದಾಸವಾಳದ ಎಲೆ, ಪಾಪಸುಕಳ್ಳಿಯ ಮುಳ್ಳು ತೆಗೆದ ಪಟ್ಟೆ. ಅನ್ನ, ಹಾಲು ಬೇಡವೇ ಬೇಡ. ಪಾಲಕ್ ಸೊಪ್ಪಿನ ಆಕ್ಸಾಲಿಕ್ ಆಮ್ಲ ಸುಣ್ಣಾಂಶವನ್ನು ಕಟ್ಟಿಹಾಕುವುದರಿಂದ ಅದು ನಿತ್ಯದ ಆಹಾರವಲ್ಲ.

ಹೊಸದಾಗಿ ಬಂದ ಮರಿಯನ್ನು ಹಳೆಯವುಗಳೊಡನೆ ಬೆರೆಸದೆ ಬೇರೆಯೇ ಇಟ್ಟು, ವಾರಕ್ಕೊಮ್ಮೆ ತೂಗಿ, ತೂಕವನ್ನು ಬರೆದಿಡುವುದು ಪದ್ಧತಿ. ದುದ್ದದ ಕೆರೆಯೇರಿಯ ಮೇಲೆ ಕಂಡ ಪೊರೆಗಾಲಿನದಕ್ಕೆ ಇವಾವುವೂ ಬೇಕಿಲ್ಲ. ಅದನ್ನು ಮುಟ್ಟದೆ ಬಿಟ್ಟರೆ ತಾನೇ ನೀರಿಗಿಳಿಯುತ್ತದೆ.